ವೆಲ್ಷ್ ಕಲಿಯುವ ಮುನ್ನ ನಿಮ್ಮ ಕಾರಣ ಹುಡುಕಿಕೊಳ್ಳಿ

ವೇಲ್ಸ್‌ಗೆ ಬಂದಿಳಿದ ಮೊದಲ ವಾರ ಬಾಡಿಗೆ ಮನೆ, ಬ್ಯಾಂಕ್ ಖಾತೆ, ವೈದ್ಯರಲ್ಲಿ ನೋಂದಣಿ ಎಂಬ ಓಡಾಟದಲ್ಲೇ ಕಳೆಯುತ್ತದೆ. ಎರಡನೆಯ ವಾರದಿಂದ ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದಲ್ಲ, ವೆಲ್ಷ್ ಯಾಕೆ ಕಲಿಯಬೇಕು?"

ಕಲಿಯದಿದ್ದರೆ ನಿಮ್ಮ ಯಾವ ಕೆಲಸವೂ ನಿಲ್ಲುವುದಿಲ್ಲ. 2021ರ ಜನಗಣತಿಯ ಪ್ರಕಾರ ವೆಲ್ಷ್ ಆಡುವವರು ಸುಮಾರು 5 ಲಕ್ಷ 38 ಸಾವಿರ, ನೂರಕ್ಕೆ 18ಕ್ಕಿಂತ ತುಸು ಕಡಿಮೆ. ಆದರೂ ಕಲಿಯಿರಿ ಎನ್ನುತ್ತೇನೆ. ಬೆಂಗಳೂರಿಗೆ ಬಂದವರು ನಾಲ್ಕು ಮಾತು ಕನ್ನಡ ಕಲಿಯಲಿ ಎಂದು ಬಯಸುವ ಜನ ನಾವು. "ಹತ್ತು ವರ್ಷದಿಂದ ಇಲ್ಲಿದ್ದೇನೆ, ಕನ್ನಡದ ಅಗತ್ಯವೇ ಬೀಳಲಿಲ್ಲ" ಎಂಬ ಉತ್ತರ ಕೇಳಿ ಎಷ್ಟೋ ಸಲ ನೊಂದುಕೊಂಡಿದ್ದೇನೆ. ಅದೇ ಮಾತನ್ನು ಇಲ್ಲಿ ನಾನು ಆಡಲಾರೆ ಅನ್ನಿಸಿತು. ನನ್ನ ಕಾರಣ ಅದು. ನಿಮ್ಮದು ಬೇರೆ ಇರಬಹುದು. ಅದನ್ನು ಮೊದಲು ಗುರುತಿಸಿಕೊಳ್ಳಿ, ಏಕೆಂದರೆ ಯಾವ ತರಗತಿ, ಎಷ್ಟು ಹೊತ್ತು, ಯಾರ ಜೊತೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಕಾರಣವಿಲ್ಲದೆ ಸೇರಿದವರು ನವೆಂಬರ್ ತಿಂಗಳ ಮಳೆ, ಕತ್ತಲೆ ಶುರುವಾದೊಡನೆ ತರಗತಿ ಬಿಟ್ಟದ್ದನ್ನು ನೋಡಿದ್ದೇನೆ.

ಮಕ್ಕಳಿಗಾಗಿ

ಹೆಚ್ಚಿನ ಮನೆಗಳಲ್ಲಿ ಕಾರಣ ಮಕ್ಕಳೇ. ಇಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲೂ 16 ವರ್ಷದವರೆಗೆ ವೆಲ್ಷ್ ಕಲಿಕೆ ಕಡ್ಡಾಯ. ಮಗು ಸಂಜೆ ಮನೆಗೆ ಬಂದು ಹಾಡು ಹೇಳುತ್ತದೆ, ಅಪ್ಪ ಅಮ್ಮ ಬಾಯಿ ತೆರೆದು ನೋಡುತ್ತಾರೆ. ಜೊತೆಗೆ ಕೂತು ಕಲಿತರೆ ಮಗುವೇ ಮೇಷ್ಟರಾಗುತ್ತದೆ, ಆ ಹೆಮ್ಮೆಯೇ ಬೇರೆ.

ವೆಲ್ಷ್ ಮಾಧ್ಯಮಕ್ಕೆ ಸೇರಿಸಲು ಹೆದರುವವರು ಬಹಳ. ರಾಜಧಾನಿ ಕಾರ್ಡಿಫ್‌ನಲ್ಲಿ ಅಂಥ ಶಾಲೆಗಳ ಬಹುಪಾಲು ಮಕ್ಕಳ ಮನೆಯಲ್ಲಿ ವೆಲ್ಷ್ ಇಲ್ಲ. ಆದ್ದರಿಂದ ಶಿಕ್ಷಕರು ಮೊದಲ ದಿನದಿಂದಲೂ ಏನೂ ಬಾರದ ಮಗು ಎಂದೇ ಎಣಿಸಿ ಕಲಿಸುತ್ತಾರೆ. ಇಂಗ್ಲಿಷ್ ಬೀದಿಯಿಂದ, ಟಿ.ವಿ.ಯಿಂದ ಬಂದೇ ಬರುತ್ತದೆ. ಕೈತಪ್ಪುವುದಾದರೆ ಅದು ಕನ್ನಡವೇ. ಹಾಗಾಗಿ ಮನೆಯೊಳಗೆ ಕನ್ನಡ ಬಿಡಬೇಡಿ, ಶಾಲೆಯವರು "ಮನೆಯಲ್ಲಿ ಇಂಗ್ಲಿಷ್ ಮಾತನಾಡಿ" ಎಂದರೂ ಬಿಡಬೇಡಿ. ಪ್ರವೇಶದ ಅರ್ಜಿ ಹಾಕುವುದು ನಿಮ್ಮ ಕೌನ್ಸಿಲ್‌ಗೆ. ಗಡುವನ್ನು ಅವರ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ. ನಿಮಗೆ ಸೂಕ್ತವಾದ ಹತ್ತಿರದ ಪ್ರಾಥಮಿಕ ಶಾಲೆ ಎರಡು ಮೈಲಿಗೂ, ಪ್ರೌಢಶಾಲೆ ಮೂರು ಮೈಲಿಗೂ ದೂರವಿದ್ದರೆ ಉಚಿತ ಸಾರಿಗೆ ಕೇಳುವ ಹಕ್ಕಿದೆ. ಇದು ತಿಳಿಯದೆ ವರ್ಷಗಟ್ಟಲೆ ಕಾರಿನಲ್ಲಿ ಬಿಟ್ಟು ಬಂದವರಿದ್ದಾರೆ.

ಇನ್ನೂ ಶಾಲೆಗೆ ಹೋಗದ ಕೂಸುಗಳಿದ್ದರೆ 'ತೀ ಆ ವೀ' ಗುಂಪು ಹುಡುಕಿ. ಹೆಸರಿನ ಅರ್ಥ 'ನೀನು ಮತ್ತು ನಾನು'. ಆಟ, ಹಾಡು, ಕೊನೆಗೊಂದು ಚಹಾ. 1971ರಲ್ಲಿ ಆರಂಭವಾದ ಮಿದ್ಯಾದ್ ಮೈಥ್ರಿನ್ ಎಂಬ ಸಂಸ್ಥೆಯ ಕೆಲಸ ಇದು. ಹೊಸ ಊರಿನಲ್ಲಿ ಗುರುತು ಪರಿಚಯವಿಲ್ಲದ ತಾಯಂದಿರಿಗೆ ಭಾಷೆಗಿಂತ ಮೊದಲು ಗೆಳತಿಯರು ಸಿಗುವ ಜಾಗ.

ಆಸ್ಪತ್ರೆಯಲ್ಲಿ ದುಡಿಯುವವರಿಗೆ

ನಮ್ಮಲ್ಲಿ ವೈದ್ಯರು, ನರ್ಸ್‌ಗಳು, ವೃದ್ಧರ ಆರೈಕೆ ಮಾಡುವವರು ಅನೇಕರಿದ್ದಾರೆ. ಸಂಘದ ಒಬ್ಬ ಸದಸ್ಯೆ ರಾತ್ರಿ ಪಾಳಿಯಲ್ಲಿದ್ದಾಗ ಮರೆವಿನ ಕಾಯಿಲೆಯ ಅಜ್ಜಿಯೊಬ್ಬರು "ದೂರ್, ದೂರ್" ಎನ್ನುತ್ತಿದ್ದರಂತೆ. ನಮ್ಮ ಕಿವಿಗೆ ಅದು 'ದೂರ' ಎಂದೇ ಬೀಳುವುದು. ಇವರು ಹಿಂದೆ ಸರಿದು ನಿಂತರು. ಅಜ್ಜಿ ಮತ್ತೆ ಅದನ್ನೇ ಹೇಳಿ, ತುಟಿ ಸವರಿಕೊಂಡು ಅತ್ತರು. ವೆಲ್ಷ್‌ನಲ್ಲಿ 'ದೂರ್' ಎಂದರೆ ನೀರು. ಮರೆವು ಬಲಿತಂತೆ ಆಮೇಲೆ ಕಲಿತ ಇಂಗ್ಲಿಷ್ ಜಾರಿಹೋಗಿ, ತೊಟ್ಟಿಲಲ್ಲಿ ಕೇಳಿದ ಮಾತು ಮಾತ್ರ ಉಳಿಯುವುದುಂಟು. ನಮ್ಮ ಅಜ್ಜಿಯರಿಗೂ ಹೀಗೆಯೇ ಅಲ್ಲವೇ? ಆ ರಾತ್ರಿಯ ನಂತರ ಅವರು ತರಗತಿಗೆ ಸೇರಿದರು. ಅವರಿಗೆ ಬೇಕಾದದ್ದು ಪರೀಕ್ಷೆಯಲ್ಲ, ನೀರು, ನೋವು, ಚಳಿ, ನಿದ್ದೆ ಎಂಬಂಥ ಐವತ್ತು ಮಾತುಗಳು. ಅಂಥವರಿಗೆ 'ಕಮ್ರಾಯ್ಗ್ ಗ್ವಾಯ್ಥ್', ಅಂದರೆ ಕೆಲಸದ ವೆಲ್ಷ್ ಎಂಬ ಯೋಜನೆಯಲ್ಲಿ ಹತ್ತು ಗಂಟೆಗಳ ಉಚಿತ ಆನ್‌ಲೈನ್ ಪಾಠಗಳಿವೆ. ವೇಲ್ಸ್‌ನ ವಾಯವ್ಯ ಮೂಲೆಯ ಗ್ವಿನೆಡ್ ಜಿಲ್ಲೆಗೆ ಕೆಲಸದ ಮೇಲೆ ಹೋಗುವವರಂತೂ ಇದನ್ನು ಮುಂದೂಡಬೇಡಿ. ಅಲ್ಲಿ ನೂರಕ್ಕೆ 64 ಜನ ವೆಲ್ಷ್ ಆಡುತ್ತಾರೆ.

ಕನ್ನಡಿಗರಿಗೆ ಸಿಗುವ ಸಂತೋಷ

ವೆಲ್ಷ್ ಕಲಿಯುವ ಇಂಗ್ಲಿಷರನ್ನು ಹೈರಾಣಾಗಿಸುವುದು ಪದದ ಮೊದಲ ಅಕ್ಷರ ಬದಲಾಗುವ ರೀತಿ. ಊರಿನ ಹೆಸರೂ ನಿಂತಲ್ಲಿ ನಿಲ್ಲುವುದಿಲ್ಲ. ಕಾರ್ಡಿಫ್ ವೆಲ್ಷ್‌ನಲ್ಲಿ 'ಕಾಯರ್‌ಡೀದ್', ಆದರೆ 'ಕಾರ್ಡಿಫ್‌ಗೆ' ಎನ್ನುವಾಗ 'ಈ ಗಾಯರ್‌ಡೀದ್'. ತಂದೆ 'ತಾದ್', ನಿನ್ನ ತಂದೆ 'ದ ದಾದ್'. ತಲೆ 'ಪೆನ್', ನಿನ್ನ ತಲೆ 'ದ ಬೆನ್'. ಮೇಷ್ಟರು ಹಲಗೆಯ ಮೇಲೆ ಕ-ಗ, ತ-ದ, ಪ-ಬ ಎಂದು ಬರೆದಾಗ ತರಗತಿ ನಿಟ್ಟುಸಿರು ಬಿಟ್ಟಿತು, ನಾನು ಕೂತಲ್ಲೇ ನಕ್ಕುಬಿಟ್ಟೆ. ಪ್ರೌಢಶಾಲೆಯ ಆದೇಶ ಸಂಧಿ! ಮಳೆ ಕಾಲ ಮಳೆಗಾಲವಾಗುತ್ತದೆ, ಬೆಟ್ಟದ ತಾವರೆ ಬೆಟ್ಟದಾವರೆ, ಕಣ್ಣಿನ ಪನಿ ಕಂಬನಿ. ಮುಂದಿನ ವಾರ 'ಮಾಮ್' ಎಂಬ ತಾಯಿ 'ದ ವಾಮ್' ಆದಾಗ ಮೆಲ್ಲನೆಯ ಮಾತು ಮೆಲ್ವಾತಾದದ್ದು ನೆನಪಾಯಿತು. ಎರಡು ಭಾಷೆಗಳಿಗೂ ನಂಟಿಲ್ಲ, ನಿಯಮ ಅನ್ವಯಿಸುವ ಜಾಗಗಳೂ ಬೇರೆ. ಆದರೂ ಬಾಯಿಗೆ ಈ ಮೆದುವಾಗುವಿಕೆ ಮೊದಲೇ ಗೊತ್ತಿದೆ. ನೀನು-ನೀವು ಭೇದವೂ ಇದೆ: ಸಲಿಗೆಗೆ 'ತೀ', ಗೌರವಕ್ಕೆ 'ಖೀ'. ಹಿರಿಯರನ್ನು ಬಹುವಚನದಲ್ಲಿ ಕರೆದು ಬೆಳೆದ ನಾವು ಇದರಲ್ಲಿ ಎಡವುವುದೇ ಇಲ್ಲ.

ಪಕ್ಕದಲ್ಲಿ ಕೂರುವವರ ಕಾರಣಗಳನ್ನೂ ಕೇಳಿ. ನನ್ನ ಬೆಂಚಿನಲ್ಲಿದ್ದ ನಿವೃತ್ತರೊಬ್ಬರ ತಾಯಿಗೆ ವೆಲ್ಷ್ ಬರುತ್ತಿತ್ತು, ಮಗನಿಗೆ ಕಲಿಸಲಿಲ್ಲ. ಮಗ ಮುಂದೆ ಬರಲಿ ಎಂದು ಇಂಗ್ಲಿಷನ್ನೇ ಆಡಿದರಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡು ತೂಗುಹಾಕುತ್ತಿದ್ದರು. ಆ ನಾಚಿಕೆ ತಲೆಮಾರುಗಳವರೆಗೆ ಉಳಿಯಿತು. ಎಪ್ಪತ್ತು ದಾಟಿದ ಆ ಮನುಷ್ಯ ತಾಯಿಯ ಮಾತನ್ನು ಪುಸ್ತಕ ನೋಡಿ ಕಲಿಯುತ್ತಿದ್ದಾರೆ. ಅವರ ಪಕ್ಕ ಕೂತ ಮೇಲೆ ಮನೆಯಲ್ಲಿ ಮಗಳ ಜೊತೆ ಇಂಗ್ಲಿಷ್ ಆಡುವುದನ್ನು ನಿಲ್ಲಿಸಿದೆ.

ಎಲ್ಲಿ, ಹೇಗೆ

ದೇಶದಾದ್ಯಂತ ತರಗತಿಗಳನ್ನು ನೋಡಿಕೊಳ್ಳುವುದು 'ದಸ್ಗಿ ಕಮ್ರಾಯ್ಗ್' ಎಂಬ ರಾಷ್ಟ್ರೀಯ ವೆಲ್ಷ್ ಕಲಿಕಾ ಕೇಂದ್ರ. ಮೊದಲ ಹಂತದ ಹೆಸರು 'ಮನೇದ್ಯಾದ್', ಅಂದರೆ ಪ್ರವೇಶ. 16ರಿಂದ 25 ವರ್ಷದವರಿಗೆ ಉಚಿತ. ಪಾಳಿ ಕೆಲಸದವರು ಆನ್‌ಲೈನ್ ಆಯ್ದುಕೊಳ್ಳಿ, ಮನೆಯಲ್ಲಿ ಒಂಟಿಯಾಗಿರುವವರು ಮುಖತಃ ಹೋಗಿ. ಮೊಬೈಲ್ ಆ್ಯಪ್ ಅಭ್ಯಾಸಕ್ಕೆ ಸಾಕು, ಮಾತಿಗೆ ಸಾಲದು. ಆಗಸ್ಟ್ ಮೊದಲ ವಾರ ವರ್ಷಕ್ಕೊಂದು ಊರಿನಲ್ಲಿ ನಡೆಯುವ ರಾಷ್ಟ್ರೀಯ ಐಸ್ತೆದ್‌ವೊದ್ ಎಂಬ ವೆಲ್ಷ್ ಸಾಹಿತ್ಯ, ಸಂಗೀತದ ಜಾತ್ರೆಗೆ ಒಂದು ದಿನವಾದರೂ ಹೋಗಿ ಬನ್ನಿ. ಸ್ಪರ್ಧೆಯಲ್ಲಿ ಗೆದ್ದ ಕವಿಯನ್ನು ಕುರ್ಚಿಯ ಮೇಲೆ ಕೂರಿಸಿ ಇಡೀ ಸಭೆ ಎದ್ದು ನಿಲ್ಲುವುದನ್ನು ನೋಡಬಹುದು.

ಅಂಗಡಿಯಲ್ಲಿ ನೀವು "ಬೋರೆ ದಾ", ಅಂದರೆ ಶುಭೋದಯ, ಎಂದರೆ ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಇಂಗ್ಲಿಷ್‌ಗೆ ಹೊರಳುತ್ತಾರೆ. ಆಗ "ದು ಇನ್ ದಸ್ಗಿ ಕಮ್ರಾಯ್ಗ್" ಎನ್ನಿ, ನಾನು ವೆಲ್ಷ್ ಕಲಿಯುತ್ತಿದ್ದೇನೆ ಎಂದರ್ಥ. ಅವರು ಸರಸರನೆ ಮಾತು ಶುರುಮಾಡಿದರೆ "ಅರವಾಖ್" ಎನ್ನಿ, ಇನ್ನೂ ನಿಧಾನ. ಅದರ ಮೂಲಪದ 'ಅರವ್' ನಿಮಗೆ ಈಗಾಗಲೇ ಗೊತ್ತು. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ರಸ್ತೆಯ ತಿರುವುಗಳಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದದ್ದು ಅದನ್ನೇ.