ರಾಯಚೂರಿನ ಬಿಸಿಲಿಗೆ ಯಾವ ಕಾದಂಬರಿ?

ಏಪ್ರಿಲ್ ಬಂತಂದ್ರೆ ರಾಯಚೂರಲ್ಲಿ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡೋ ಮಾತೇ ಇಲ್ಲ. ಓದೋಕೆ ಅದೇ ಹೊತ್ತು. ಆದರೆ ಆಗ ದಪ್ಪ ಪುಸ್ತಕ ಹಿಡಿಯಬೇಡಿ, ಊಟದ ನಂತರದ ನಿದ್ದೆ ಎರಡನೇ ಪುಟದಲ್ಲೇ ಗೆಲ್ಲುತ್ತದೆ.

'ಕರ್ವಾಲೊ'ದಿಂದ ಶುರು ಮಾಡಿ. ತೇಜಸ್ವಿಯವರ ತೆಳುವಾದ ಪುಸ್ತಕ, ಹಾರುವ ಓತಿ ಹುಡುಕುತ್ತಾ ಮಲೆನಾಡಿನ ಕಾಡು ಸುತ್ತುವ ಕಥೆ. ಮಂದಣ್ಣ ಬಂದಾಗಲೆಲ್ಲ ನಗು ಬರುತ್ತೆ, ನಿದ್ದೆ ಹತ್ತಿರ ಸುಳಿಯಲ್ಲ.

ರಾತ್ರಿ ಮಾಳಿಗೆ ಮೇಲೆ ಗಾಳಿ ಬಿಟ್ಟ ಮೇಲೆ 'ತೇಜೋ ತುಂಗಭದ್ರಾ' ತೆಗೀರಿ. ಬರೆದ ವಸುಧೇಂದ್ರ ನಮ್ಮ ಸಂಡೂರಿನವರು. ಒಂದು ಕಡೆ ತೇಜೋ ನದಿಯ ಲಿಸ್ಬನ್, ಇನ್ನೊಂದು ಕಡೆ ವಿಜಯನಗರ; ಮೊದಮೊದಲು ಪೋರ್ಚುಗೀಸ್ ಹೆಸರುಗಳು ಕೈಗೆ ಸಿಗಲ್ಲ, ಹಾಗಾಗಿ ಪುಸ್ತಕದಲ್ಲೊಂದು ಚೀಟಿ ಇಟ್ಟು ಯಾರು ಯಾರಿಗೆ ಏನಾಗಬೇಕು ಅಂತ ಬರೆದುಕೊಳ್ಳಿ. ಅರ್ಧ ಮುಗಿದಾಗ ಒಂದು ದಿನ ಬೆಳಿಗ್ಗೆ ಬೇಗ ಆನೆಗೊಂದಿಗೆ ಹೋಗಿ ಬನ್ನಿ. ಹೊಳೆ ದಂಡೆಗೆ ನಿಂತರೆ ಆಚೆಗೆ ಹಂಪಿ. ಆಮೇಲೆ ಉಳಿದರ್ಧ ಓದೋ ಮಜಾನೇ ಬೇರೆ.

ಕುಂವೀ (ಕುಂ. ವೀರಭದ್ರಪ್ಪ) ಅವರ 'ಅರಮನೆ' ಸುಲಭದ್ದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ (2007) ಬಂದಿದೆ ಅಂತ ಸುಮ್ನೆ ಕೊಂಡು ಕಪಾಟಿನಲ್ಲಿ ಇಟ್ಟವರೇ ಜಾಸ್ತಿ ಇರಬೇಕು. ಮೊದಲ ಹತ್ತು ಪುಟ ಗಟ್ಟಿಯಾಗಿ ಓದಿ ನೋಡಿ. ಬಳ್ಳಾರಿ ಸೀಮೆಯ ಮಾತು ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅರ್ಥವಾಗದ್ದನ್ನು ಅವರೇ ಹೇಳುತ್ತಾರೆ.

'ಮಲೆಗಳಲ್ಲಿ ಮದುಮಗಳು' ಮಾತ್ರ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಈ ಸೆಕೆಯಲ್ಲಿ ಆ ಮಳೆ, ಆ ಜಿಗಣೆ ಓದಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?