ಸಂಶೋಧಕರಿಗೆ ಮಕ್ಕಳ ಮಾಹಿತಿ ಕೊಡುವ ಮುನ್ನ ಶಾಲೆ ಮಾಡಬೇಕಾದ ಕೆಲಸ

ಶಿರಸಿ ಅಥವಾ ಕಾರವಾರ ಶೈಕ್ಷಣಿಕ ಜಿಲ್ಲೆಯ ಶಾಲೆಯೊಂದಕ್ಕೆ ಸಂಶೋಧಕರು ಬಂದು ಹಾಜರಿ ಮತ್ತು ಅಂಕಗಳ ವಿವರ ಕೇಳಿದಾಗ, ಎಸ್‌ಎಟಿಎಸ್‌ನಿಂದ (ಪ್ರತಿ ವಿದ್ಯಾರ್ಥಿಯ ವಿವರ ದಾಖಲಿಸುವ ರಾಜ್ಯ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಇಳಿಸಿಕೊಂಡ ಎಕ್ಸೆಲ್ ಕಡತವನ್ನು ಇದ್ದ ಹಾಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಾರದು. ಇಂಥ ಸಂಶೋಧನೆ ನಮಗೆ ನಿಜವಾಗಿಯೂ ಬೇಕು. ಘಟ್ಟದ ಮೇಲಿನ ಮಕ್ಕಳು ಮಳೆಗಾಲದಲ್ಲಿ ಎಷ್ಟು ದಿನ ಶಾಲೆ ತಪ್ಪಿಸುತ್ತಾರೆ ಎಂಬುದು ಲೆಕ್ಕವಿಲ್ಲದೆ ತಿಳಿಯುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದು 9ನೆಯ ಕಲಂ ಹೇಳುತ್ತದೆ. ಸಂಶೋಧನೆಗೆ 17ನೆಯ ಕಲಂನಲ್ಲಿ ವಿನಾಯಿತಿ ಇದೆ, ಆದರೆ ಆ ಮಾಹಿತಿಯಿಂದ ನಿರ್ದಿಷ್ಟ ಮಗುವಿನ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು ಮತ್ತು ನಿಯಮಗಳು ವಿಧಿಸುವ ಮಾನದಂಡಗಳನ್ನು ಪಾಲಿಸಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ವಿನಾಯಿತಿ ಇದೆಯೆಂದು ಪಾಲಕರನ್ನು ಕೇಳದೆ ಬಿಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಮೊದಲು ಸಂಶೋಧನೆಯ ಪ್ರಶ್ನೆಯನ್ನು ಲಿಖಿತವಾಗಿ ಪಡೆಯಿರಿ. ಸರ್ಕಾರಿ ಶಾಲೆಯಾದರೆ ಮೇಲಧಿಕಾರಿಗಳ ಅನುಮತಿಯೂ ಇರಲಿ. ಆ ಪ್ರಶ್ನೆಗೆ ಬೇಡದ ಕಾಲಂಗಳನ್ನೆಲ್ಲ ಅಳಿಸಿರಿ. ಹೆಸರು, ಆಧಾರ್, ಬ್ಯಾಂಕ್ ಖಾತೆ ಮತ್ತು ಫೋನ್ ಸಂಖ್ಯೆಗಳು ಯಾವ ಕಾರಣಕ್ಕೂ ಹೋಗಬಾರದು. ಎಸ್‌ಎಟಿಎಸ್ ಸಂಖ್ಯೆಯ ಬದಲು ಹೊಸ ಗುರುತು ಕೊಟ್ಟು, ಎರಡನ್ನೂ ಜೋಡಿಸುವ ಪಟ್ಟಿಯನ್ನು ಮುಖ್ಯೋಪಾಧ್ಯಾಯರೇ ಇಟ್ಟುಕೊಳ್ಳಬೇಕು. ಹುಟ್ಟಿದ ದಿನಾಂಕದ ಬದಲು ವಯಸ್ಸು, ಊರಿನ ಬದಲು ತಾಲ್ಲೂಕು ಸಾಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಷ್ಟಕ್ಕೇ ಮಕ್ಕಳ ಗುರುತು ಮರೆಯಾಗುವುದಿಲ್ಲ. ಜೋಯಿಡಾ ಅಥವಾ ಯಲ್ಲಾಪುರದ ಕಾಡಂಚಿನ ಶಾಲೆಯೊಂದರಲ್ಲಿ ಒಟ್ಟು ಹನ್ನೆರಡೇ ಮಕ್ಕಳಿದ್ದು, ಅವರಲ್ಲಿ ಒಬ್ಬಳೇ ಸಿದ್ದಿ ಸಮುದಾಯದ ಹುಡುಗಿಯಾಗಿದ್ದರೆ, 'ಐದನೆಯ ತರಗತಿ, ಹೆಣ್ಣು, ಪರಿಶಿಷ್ಟ ಪಂಗಡ' ಎಂಬ ಸಾಲನ್ನು ಓದಿದ ಊರಿನವರಿಗೆ ಅವಳು ಯಾರೆಂದು ಕೂಡಲೇ ತಿಳಿಯುತ್ತದೆ. ಆದ್ದರಿಂದ ಒಂದೇ ಬಗೆಯ ವಿವರವಿರುವ ಮಕ್ಕಳು ಐದಕ್ಕಿಂತ ಕಡಿಮೆಯಿದ್ದಲ್ಲಿ ತರಗತಿಗಳನ್ನೋ ಶಾಲೆಗಳನ್ನೋ ಒಟ್ಟುಗೂಡಿಸಬೇಕು. ಹತ್ತರ ಮಿತಿ ಇಟ್ಟುಕೊಂಡರೆ ಇನ್ನೂ ಸುರಕ್ಷಿತ. ಒಂದು ಸಂಖ್ಯೆಯನ್ನು ಮರೆಮಾಡಿ ಒಟ್ಟು ಮೊತ್ತವನ್ನು ಹಾಗೆಯೇ ಬಿಟ್ಟರೆ, ಕಳೆದು ನೋಡಿದವರಿಗೆ ಮರೆಮಾಡಿದ್ದು ಸಿಕ್ಕಿಬಿಡುತ್ತದೆ. ಗುಂಪಿನಲ್ಲಿ ಎಂಟು ಮಕ್ಕಳಿದ್ದು ಎಂಟೂ ಮಂದಿ ಅನುತ್ತೀರ್ಣರಾಗಿದ್ದರೆ, ಗುಂಪು ದೊಡ್ಡದಿದ್ದೂ ಪ್ರತಿಯೊಬ್ಬರ ಫಲಿತಾಂಶ ಬಯಲಾಗುತ್ತದೆ. ಶಿಕ್ಷಕರು ಬರೆದ ಷರಾಗಳನ್ನಂತೂ ಕೊಡಲೇಬಾರದು. ಮನೆಯ ಕಷ್ಟ, ಕಾಯಿಲೆಗಳ ಸುದ್ದಿ ಅಲ್ಲೇ ಇರುತ್ತದೆ.

ಬಳಿಕ ಒಪ್ಪಂದ ಮಾಡಿಕೊಳ್ಳಿ. ಯಾರು ನೋಡಬಹುದು, ಎಲ್ಲಿ ಇಡುತ್ತಾರೆ, ಯಾವ ದಿನಾಂಕಕ್ಕೆ ಅಳಿಸುತ್ತಾರೆ, ಮಕ್ಕಳನ್ನು ಗುರುತಿಸಲು ಯತ್ನಿಸುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ ಎಂಬ ಮಾತುಗಳು ಅದರಲ್ಲಿರಬೇಕು. ಕಡತಕ್ಕೆ ಪಾಸ್‌ವರ್ಡ್ ಹಾಕಿ, ಅದನ್ನು ಬೇರೆ ದಾರಿಯಲ್ಲಿ ತಿಳಿಸಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಾಲಕರಿಗೆ ಇದನ್ನು ವಿವರಿಸುವಾಗ, ಬೇಕಾದಲ್ಲಿ ಕೊಂಕಣಿಯಲ್ಲೂ ಹೇಳಿ, ಬೇಡವೆಂದವರ ಮಗುವಿನ ಸಾಲನ್ನು ಕಾರಣ ಕೇಳದೆ ತೆಗೆದುಬಿಡಿ. ಇಷ್ಟೆಲ್ಲ ಮಾಡಿದ ಮೇಲೂ ಗುರುತು ಉಳಿಯುವಷ್ಟು ಶಾಲೆ ಚಿಕ್ಕದಾಗಿದ್ದರೆ, ಮಕ್ಕಳ ಸಾಲುಗಳನ್ನು ಕೊಡದೆ, ಸಂಶೋಧಕರು ಕೇಳಿದ ಸರಾಸರಿಯನ್ನು ಹಲವು ಶಾಲೆಗಳಿಗೆ ಸೇರಿಸಿ ಕ್ಲಸ್ಟರ್ ಮಟ್ಟದಲ್ಲಿ ಲೆಕ್ಕಹಾಕಿ ಕೊಡಿ.