ಕಾಲು ಊದಿದರೆ ಮೊದಲು ಒತ್ತಿ ನೋಡಿ

ಮನೆಯ ಹಿರಿಯರಿಗೆ ಕಾಲು ಊದುತ್ತಿದ್ದರೆ 'ವಯಸ್ಸಾಯ್ತಲ್ವಾ' ಅಂತ ಸುಮ್ನೆ ಬಿಡಬೇಡಿ. ಪಾದದ ಗಂಟಿನಿಂದ ಸ್ವಲ್ಪ ಮೇಲೆ, ಕಾಲಿನ ಮುಂದಿನ ಮೂಳೆಯ ಮೇಲೆ ಹೆಬ್ಬೆರಳಿಂದ 5-10 ಸೆಕೆಂಡ್ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೂ ಗುಳಿ ಉಳಿದರೆ ಅಲ್ಲಿ ನೀರು ತುಂಬಿದೆ ಅಂತ ಅರ್ಥ.

ದಿನವಿಡೀ ನಿಂತಿದ್ದರೆ, ಬಸ್ಸಲ್ಲಿ ದೂರ ಕೂತು ಬಂದರೆ ಎರಡೂ ಕಾಲು ಸ್ವಲ್ಪ ಊದುವುದುಂಟು. ಮಲಗಿ ಕಾಲ ಕೆಳಗೆ ದಿಂಬು ಇಟ್ಟುಕೊಂಡು, ಪಾದವನ್ನು ಮೇಲೆ ಕೆಳಗೆ ಆಡಿಸಿದರೆ ಇಳಿಯುತ್ತದೆ. ಬೆಳಿಗ್ಗೆಯೂ ಇಳಿಯದಿದ್ದರೆ ಹೃದಯ, ಕಿಡ್ನಿ, ಲಿವರ್ ಪರೀಕ್ಷೆ ಆಗಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ಜೊತೆಗೆ ಉಸಿರಾಟಕ್ಕೆ ಕಷ್ಟ ಅಥವಾ ಎದೆನೋವು ಇದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಗರ್ಭಿಣಿಯರಿಗೆ ಮುಖ, ಕೈ ದಿಢೀರ್ ಊದಿ ತಲೆನೋವು ಬಂದರೂ ಕಾಯಬಾರದು, ಕೂಡಲೇ ಬಿಪಿ ನೋಡಿಸಿ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಇದರಲ್ಲೇ ಬರುತ್ತದೆ! ಹೃದಯದ ತೊಂದರೆ ಇರುವವರು ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿ ಬರೆದಿಡಿ. ಕೆಲವೇ ದಿನಗಳಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಮೆಡಿಕಲ್ ಶಾಪಿನಿಂದ ನೀರಿಳಿಸುವ ಮಾತ್ರೆ ನೀವೇ ತಂದು ನುಂಗಬೇಡಿ, ಪೊಟ್ಯಾಶಿಯಂ ಏರುಪೇರಾಗುತ್ತದೆ.